ಬಾಗಿಲು ನಿಲ್ಲಿಸುವ ದಿನದ ರುಮಾಲು

ಶಂಕ್ರಮ್ಮನಿಗೆ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಇದನ್ನು ಅವಳ ಬೆನ್ನ ಹಿಂದೆ ಹೇಳುತ್ತಿಲ್ಲ, ಅವಳೇ ಹೇಳಿಕೊಂಡು ತಿರುಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ, ನಿಜಾಮನ ರಜಾಕಾರರ ಹಾವಳಿಯಲ್ಲಿ ಕಮಲಾಪುರದ ಅವಳ ಮನೆಗೂ ಬೆಂಕಿ ಬಿತ್ತು. ಉಟ್ಟ ಸೀರೆಯಲ್ಲಿ ಕಲಬುರಗಿಗೆ ಬಂದು ಮೈದುನ ಮಲ್ಲಣ್ಣನ ಮನೆ ಸೇರಿದವಳು, ಭಾರತದ ಸೇನೆ ಬಂದ ಪೊಲೀಸ್ ಆಕ್ಷನ್ ಮುಗಿದು ಎರಡು ವರ್ಷವಾದರೂ ಅಲ್ಲೇ ಇದ್ದಳು. ಮಲ್ಲಣ್ಣನ ಹೆಂಡತಿ ಅವಳ ತಾಟಿಗೆ ರೊಟ್ಟಿ ಹಾಕುತ್ತಿರಲಿಲ್ಲ, ಎಸೆಯುತ್ತಿದ್ದಳು. ಮುಸಲ್ಮಾನರ ಹೆಸರೆತ್ತಿದರೆ ಶಂಕ್ರಮ್ಮನ ಮೈ ಉರಿಯುತ್ತಿತ್ತು. ತನ್ನವರ ಹೆಸರೆತ್ತಿದರೂ ಅಷ್ಟೇ ಉರಿಯುತ್ತಿತ್ತು.

ಎಸೆದ ರೊಟ್ಟಿ ಸಾಕಾಗಿ ಒಂದು ದಿನ ಕೈಯಲ್ಲಿದ್ದ ಬಿಲ್ವಾರದ ಬಳೆ ಮಾರಿಬಿಟ್ಟಳು. ಅದೇ ಕೊನೆಯ ಬಂಗಾರ. ಸುಟ್ಟ ಜಾಗದಲ್ಲೇ ಮನೆ ಏಳಬೇಕು, ಎದ್ದದ್ದು ನಿಲ್ಲಬೇಕು. ಹಿಂದಿನ ಮಳೆಗಾಲದಲ್ಲಿ ಕಮಲಾಪುರದಲ್ಲೇ ಲೈಸನ್ಸಿಲ್ಲದ ಒಬ್ಬ ಕಟ್ಟಿದ ಮಾಳಿಗೆ ಕುಸಿದು ಒಬ್ಬ ಮುದುಕಿ ಸತ್ತಿದ್ದಳು. ಕಟ್ಟಿದವನ ಸುಳಿವೂ ಸಿಕ್ಕಿರಲಿಲ್ಲ.

ಮಲ್ಲಣ್ಣ ತನ್ನ ಹೆಂಡತಿಯ ಅಣ್ಣನನ್ನು ಕರೆತಂದ.

"ವೈನಿ, ಹೊರಗಿನವರ ಕೈಯಾಗ ಯಾಕ ಕೊಡ್ತಿ? ನಮ್ಮ ಅಣವೀರಪ್ಪ ಗುತ್ತೇದಾರ ಅದಾನ. ಸರಕಾರಿ ಲೈಸನ್ಸ್ ಅದ."

"ಎಲ್ಲಿ ಅದ? ತೋರಸ್ಲಿ."

ಅಣವೀರಪ್ಪ ಕೋಟಿನ ಕಿಸೆಯಿಂದ ಉರ್ದು ಕಾಗದವೊಂದನ್ನು ತೆಗೆದು, ಕೆಳಗಿನ ಮೊಹರು ಕಾಣುವಷ್ಟು ಬಿಚ್ಚಿ, ಮತ್ತೆ ಮಡಚಿಟ್ಟ. ಆ ಮನೆಯಲ್ಲಿ ಉರ್ದು ಓದಲು ಯಾರಿಗೂ ಬರುತ್ತಿರಲಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲಿ ಕೊಡು, ಓದಸ್ಕೊಂಡು ಬರ್ತೀನಿ," ಎಂದಳು ಶಂಕ್ರಮ್ಮ.

ಮಲ್ಲಣ್ಣನ ಮುಖ ಕೆಂಪಾಯಿತು. "ನಮ್ಮವನ ಕಾಗದ ಪರೀಕ್ಷಾ ಮಾಡ್ತೀಯೇನು? ನಾಳಿ ಬೀಗರ ಮುಂದ ನಾ ಹ್ಯಾಂಗ ಮುಖ ತೋರಸ್ಲಿ?"

ಆ ಮನೆತನಗಳ ರೀತಿಯೇ ಹಾಗೆ. ಹೊರಗಿನವನಾದರೆ ಅವನ ಅಜ್ಜನ ಜಾತಕವನ್ನೂ ಕೇಳುತ್ತಾರೆ, ನಮ್ಮವನಾದರೆ ಹೆಸರು ಕೇಳುವುದೂ ಅವಮಾನ. ಶಂಕ್ರಮ್ಮ ಹಲ್ಲು ಕಚ್ಚಿ ಬೇರೆ ದಾರಿ ಹಿಡಿದಳು.

"ಯಾರ ಮನಿ ಕಟ್ಟೀದಿ?"

"ಕುಸನೂರ ಗೌಡರ ಮನಿ. ಬೇಕಂದ್ರ ಹೋಗಿ ನೋಡು," ಎಂದ ಅವನು, ಹೆಂಗಸು ಎಲ್ಲಿ ಹೋಗುತ್ತಾಳೆ ಎಂಬ ಧೈರ್ಯದಲ್ಲಿ.

ಅವಳು ಹೋದಳು, ಬಿಸಿಲಲ್ಲಿ ನಡೆದುಕೊಂಡೇ. ಗೌಡರ ಮನೆಯ ಗೋಡೆಯನ್ನು ಮುಷ್ಟಿಯಿಂದ ಗುದ್ದಿ ನೋಡಿದಳು, ಕತ್ತೆತ್ತಿ ತೊಲೆ ನೋಡಿದಳು. ಹೊಟ್ಟೆಕಿಚ್ಚು ಬರುವಷ್ಟು ಗಟ್ಟಿ ಮನೆ.

"ಅಣವೀರಪ್ಪನಾ?" ಗೌಡತಿ ನಕ್ಕಳು. "ಅಂವ ಮುನ್ಷಿ ಇದ್ದ, ಆಳಿನ ಹಾಜರಿ ಹಾಕತಿದ್ದ. ಕಟ್ಟಿದಾಂವ ಖಾಜಾ ಮೇಸ್ತ್ರಿ. ಪೊಲೀಸ್ ಆಕ್ಷನ್ನಾಗ ಸತ್ತ ಪಾಪ. ಅವನ ಹೆಂಡ್ತಿ ಅಕ್ಬರಿ ಬೇಗಂ ದರ್ಗಾದ ಕಡಿ ಇರ್ತಾಳ."

ದರ್ಗಾದ ಓಣಿಗೆ ಕಾಲಿಡುವಾಗ ಶಂಕ್ರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ವಾಸನೆಯೇನೂ ಇರಲಿಲ್ಲ, ಬರೀ ಸಿಟ್ಟು. ಅಕ್ಬರಿ ಬೇಗಂ ಬಾಗಿಲನ್ನು ಅರ್ಧವೇ ತೆರೆದು, ಹೊಸ್ತಿಲ ಆಚೆ ನಿಲ್ಲಿಸಿಯೇ ಅಣವೀರಪ್ಪನ ಲೈಸನ್ಸಿನ ಸಂಗತಿ ಕೇಳಿಸಿಕೊಂಡಳು.

"ಹೌದು, ಲೈಸನ್ಸ್ ನಮ್ಮವರದ. ಅವರು ಹೋದ ಮ್ಯಾಲ ಮುನ್ಷಿ ಬಂದು ಅತ್ತ. ಜೋಪಾನ ಇಡ್ತೀನಿ ಅಂತ ಒಯ್ದ. ತಿರುಗಿ ಬಂದಿಲ್ಲ."

"ಹಂಗಂದ್ರ ಬರೋ ಸೋಮವಾರ ಬಾಗಿಲ ಚೌಕಟ್ಟು ನಿಲ್ಲಸ್ತಾರ, ಆ ದಿನ ಕಮಲಾಪುರಕ್ಕ ಬಂದು ನಾಲ್ಕ ಮಂದ್ಯಾಗ ಹೇಳು."

"ನಿನ್ನ ಮನಿ ಸಲುವಾಗಿ ನಾ ಯಾಕ ಬರ್ಲಿ? ನನ್ನ ಗಂಡನ್ನ ಕೊಂದವರು ನಿಮ್ಮವರು."

"ನನ್ನ ಮನಿ ಸುಟ್ಟವರು ನಿಮ್ಮವರು!"

ಬಾಗಿಲು ಮುಖದ ಮೇಲೆಯೇ ಬಡಿದುಕೊಂಡಿತು.

ಮಲ್ಲಣ್ಣನಿಗೆ ಹೇಳಿ ಪ್ರಯೋಜನವಾಗಲಿಲ್ಲ. "ಅಕಿ ಮಾತ ನಂಬ್ತಿ, ನಮ್ಮವನ ಮಾತ ನಂಬಂಗಿಲ್ಲ?" ಎಂದು ಒದರಾಡಿದ. ಜೋಪಾನಕ್ಕೆಂದು ಅವಳು ಕೊಟ್ಟ ಬಿಲ್ವಾರದ ಹಣ ಅವನ ಪೆಟ್ಟಿಗೆಯಲ್ಲೇ ಇತ್ತು, ಬಾಗಿಲು ನಿಲ್ಲಿಸುವ ದಿನವನ್ನೂ ಗೊತ್ತುಮಾಡಿಯಾಗಿತ್ತು. ಆ ದಿನ ಮನೆಯವರು ಗುತ್ತೇದಾರನ ತಲೆಗೆ ರುಮಾಲು ಸುತ್ತುತ್ತಾರೆ. ಸುತ್ತಿದ ಮೇಲೆ ಮನೆ ಮುಗಿಯುವ ತನಕ ಅವನನ್ನು ಬಿಡಿಸುವಂತಿಲ್ಲ. ಬಿಡಿಸಿದರೆ ಅವನ ಮನೆತನಕ್ಕೇ ಉಗುಳಿದ ಹಾಗೆ. ಶಂಕ್ರಮ್ಮನಿಗಿದ್ದದ್ದು ಆ ರುಮಾಲು ಏರುವವರೆಗಿನ ವೇಳೆ ಮಾತ್ರ.

ಕಮಲಾಪುರದ ಸುಟ್ಟ ಜಾಗದಲ್ಲಿ ಚೌಕಟ್ಟು ನಿಂತಿತು. ಹಿರಿಯರು ಕಂಬಳಿ ಹಾಸಿ ಕುಳಿತಿದ್ದರು. ಮಲ್ಲಣ್ಣ ತಾಟಿನಿಂದ ರುಮಾಲು ಎತ್ತಿಕೊಂಡ, ಅಣವೀರಪ್ಪ ತಲೆ ಬಗ್ಗಿಸಿದ. ಶಂಕ್ರಮ್ಮ ಇಬ್ಬರ ನಡುವೆ ಹೋಗಿ ನಿಂತಳು.

"ಮೊದಲ ಕಾಗದ ಓದ್ರಿ. ಆಮ್ಯಾಲ ಸುತ್ರಿ."

ಹಿರಿಯರು ನಕ್ಕರು. ಅವರಲ್ಲಿ ಉರ್ದು ಬಲ್ಲ ಪೀರಪ್ಪ ಮುತ್ಯಾನೂ ಇದ್ದ. ಅವನಿಗೂ ಅದನ್ನು ಓದಬೇಕೆಂದು ಅನ್ನಿಸಿರಲಿಲ್ಲ. "ಅತ್ತ ಸರಿ ವೈನಿ!" ಎಂದು ಮಲ್ಲಣ್ಣ ಅವಳ ರಟ್ಟೆ ಹಿಡಿದು ಜಗ್ಗಿದ.

ಅಷ್ಟರಲ್ಲಿ ರಸ್ತೆಯಲ್ಲಿ ಕಲಬುರಗಿ ಬಸ್ಸು ನಿಂತಿತು. ಬುರ್ಖಾ ತೊಟ್ಟ ಹೆಂಗಸೊಬ್ಬಳು ಇಳಿದು ನೆಟ್ಟಗೆ ಚೌಕಟ್ಟಿನತ್ತ ಬಂದು, ಮುಖದ ಪರದೆ ಎತ್ತಿದಳು. ಅಕ್ಬರಿ ಬೇಗಂ.

"ಮುನ್ಷಿ, ಕಾಗದ ತಗಿ."

ಅಣವೀರಪ್ಪ ಕಿಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅದನ್ನು ನೋಡಿ ಪೀರಪ್ಪ ಮುತ್ಯಾ ಎದ್ದು ಬಂದ. ಕಾಗದ ಇಸಿದುಕೊಂಡು ಓದಿದ, ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ. ಖಾಜಾ ಮೇಸ್ತ್ರಿಯ ಹೆಸರು, ಅವನ ತಂದೆಯ ಹೆಸರು, ದರ್ಗಾದ ಓಣಿ. ಅಣವೀರಪ್ಪನ ಹೆಸರು ಎಲ್ಲೂ ಇರಲಿಲ್ಲ.

ಅಣವೀರಪ್ಪ ಚಪ್ಪಲಿ ಹುಡುಕಿಕೊಂಡು ಹೊರಟ. ಶಂಕ್ರಮ್ಮ, ಮೈದುನ ಮುಂಗಡಕ್ಕೆಂದು ಬಗಲಲ್ಲಿ ತಂದಿದ್ದ ಬಿಲ್ವಾರದ ಹಣದ ಚೀಲ ಕಿತ್ತುಕೊಂಡಳು, ಆಮೇಲೆ ಅವನ ಕೈಯಲ್ಲಿದ್ದ ರುಮಾಲನ್ನೂ ಕಿತ್ತುಕೊಂಡಳು. ಅದನ್ನು ಅಕ್ಬರಿಯ ಮುಂದೆ ಹಿಡಿದಳು.

"ತಗೋ. ಇದು ನಿಮಗ ಸೇರಬೇಕಾದದ್ದು."

"ನಿನ್ನ ಸಲುವಾಗಿ ನಾ ಬಂದಿಲ್ಲ," ಎಂದಳು ಅಕ್ಬರಿ, ಪೀರಪ್ಪ ಕೊಟ್ಟ ಕಾಗದವನ್ನು ಬುರ್ಖಾದೊಳಗೆ ಇಟ್ಟುಕೊಳ್ಳುತ್ತ. "ಈ ಮನಿ ಬಿದ್ದಿದ್ರ, ಕಾಗದದಾಗ ಹೆಸರು ನಮ್ಮವರದು, ಸತ್ತವರನ್ನ ಬೈತಿದ್ರಿ ನೀವು." ಆಮೇಲೆ ರುಮಾಲು ನೋಡಿದಳು. "ಒಯ್ದು ಯಾರ ತಲಿಗೆ ಸುತ್ತಲಿ ಇದನ್ನ?"

ಶಂಕ್ರಮ್ಮ ರುಮಾಲನ್ನು ಮಡಚಿ ತನ್ನ ಬಗಲಲ್ಲಿಟ್ಟುಕೊಂಡಳು. ಅಕ್ಬರಿ ಒಂದು ಗುಟುಕು ನೀರೂ ಕುಡಿಯದೆ ಹೋದಳು.

ಶಂಕ್ರಮ್ಮ ಮಲ್ಲಣ್ಣನ ಮನೆಗೆ ಮರಳಲಿಲ್ಲ. ಆ ಮಳೆಗಾಲವನ್ನು ಚೌಕಟ್ಟಿನ ಪಕ್ಕ ತಗಡಿನ ಕೆಳಗೆ ಶಾಪ ಹಾಕುತ್ತ ಕಳೆದಳು. ಮಾರನೆಯ ವರ್ಷ ಬೇರೊಬ್ಬ ಗುತ್ತೇದಾರ ಬಂದ. ಅವನ ಲೈಸನ್ಸನ್ನು ಪೀರಪ್ಪನಿಂದ ಎರಡೆರಡು ಸಲ ಓದಿಸಿದ ಮೇಲೆ ಕೆಲಸ ಕೊಟ್ಟಳು. ಮಾಳಿಗೆ ಮುಚ್ಚಿದ ದಿನ ಅವನು ನಾಚಿಕೊಳ್ಳುತ್ತಲೇ ಕೇಳಿದ: "ಅವ್ವಾ, ನಂಗ ರುಮಾಲು ಸುತ್ತಲೇ ಇಲ್ಲಲ್ರೀ? ನಿಮ್ಮ ಪೆಟ್ಟಿಗ್ಯಾಗ ಒಂದು ಹೊಸಾದು ಅದ ಅಂತಾರ."

"ನಿಂಗ ಬ್ಯಾರೆ ತರಸ್ತೀನಿ," ಎಂದಳು ಶಂಕ್ರಮ್ಮ. "ಅದು ಖಾಜಾ ಮೇಸ್ತ್ರಿದು."