ಹೆಸರು ಕೊಟ್ಟ ವಿಶಾಲಮ್ಮ

ಭದ್ರಾವತಿಯ ಜನ್ನಾಪುರದಲ್ಲಿ ವಿಶಾಲಮ್ಮನೆಂದರೆ ಕಂತು ತಪ್ಪಿಸದ ಹೆಂಗಸು. ಹನ್ನೆರಡು ವರ್ಷಗಳಿಂದ ಮೈಕ್ರೋಫೈನಾನ್ಸ್ ಕಂಪನಿಯ ಮಹಿಳಾ ಸಂಘದಲ್ಲಿ ಸಾಲ ತೆಗೆದು ತೀರಿಸುತ್ತ ಬಂದವಳು. ಕಂತು ಕಟ್ಟುವ ಒಂದು ಬುಧವಾರವೂ ಬರಿಗೈಯಲ್ಲಿ ಹೋದದ್ದಿಲ್ಲ. ಮಾಚೇನಹಳ್ಳಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸ. ಗಂಡ ಹೂವಪ್ಪ ಶಿವಮೊಗ್ಗದಲ್ಲಿ ಗೋದಾಮು ಕಾಯುತ್ತಾನೆ, ಭಾನುವಾರ ಮನೆಗೆ ಬರುತ್ತಾನೆ. ಮಗಳು ಬಿಂದುಶ್ರೀಗೆ ಶಿವಮೊಗ್ಗದ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಮೊದಲ ಫೀಸು ಮೂವತ್ತೆರಡು ಸಾವಿರ. ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ಸೀಟು ಇನ್ನೊಬ್ಬರ ಪಾಲು. ಅಷ್ಟನ್ನೂ ವಿಶಾಲಮ್ಮ ಹದಿನಾಲ್ಕು ತಿಂಗಳಲ್ಲಿ ಕೂಡಿಸಿ ಬ್ಯಾಂಕಿಗೆ ಹಾಕಿದ್ದಳು. ಕೂಡಿಸುವುದನ್ನು ಕಲಿತದ್ದು ಚರ್ಚಿನಲ್ಲಿ.

ಪ್ರತಿ ಶನಿವಾರ ಮೂರು ಗಂಟೆಗೆ ಚರ್ಚಿನ ಪಕ್ಕದ ಹಾಲಿನಲ್ಲಿ ದುಡ್ಡಿನ ತರಗತಿ ನಡೆಯುತ್ತಿತ್ತು. ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದ ಫಿಲೋಮಿನಾ ಪಾಠ ಹೇಳುತ್ತಿದ್ದಳು. ಹದಿನೈದಿಪ್ಪತ್ತು ಹೆಂಗಸರು, ಅರ್ಧಕ್ಕರ್ಧ ಹಿಂದೂಗಳು. ಮೊದಲ ವಾರ ನಲ್ಲಿಯ ಹತ್ತಿರ ಒಬ್ಬಳು ಕೆಣಕಿದ್ದಳು: "ಏನ್ ವಿಶಾಲಮ್ಮ, ಕುಂಕುಮ ಯಾವಾಗ ಅಳಿಸ್ತೀಯ?"

"ಅಲ್ಲಿ ಕುಂಕುಮ ಕೇಳಲ್ಲ ಮಾರಾಯ್ತಿ, ಎಲೆಅಡಿಕೆಗೆ ಎಷ್ಟು ಖರ್ಚಾಯ್ತು ಅಂತ ಕೇಳ್ತಾರೆ. ನೀನು ಬರ್ಬೇಡ, ನಿನಗೆ ಒಂದು ನೋಟ್‌ಬುಕ್ ಸಾಲಲ್ಲ."

ಕಲಿತದ್ದನ್ನೆಲ್ಲ ವಿಶಾಲಮ್ಮ ಪಕ್ಕದ ಮನೆಯ ಕವನಳಿಗೆ ಹೇಳಿಕೊಡುತ್ತಿದ್ದಳು. ಅದಕ್ಕೆ ಕಾರಣವಿತ್ತು. ಗರ್ಭಕೋಶದ ಆಪರೇಶನ್ ಆಗಿ ತಾನು ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ಪಕ್ಕದಲ್ಲಿ ಕೂತವಳು ಕವನ. ಆಮೇಲೆ ಕವನಳ ಗಂಡ ಯೋಗೇಶ್ ವೆಲ್ಡಿಂಗ್ ಶೆಡ್ಡು ಹಾಕಲು ಅರವತ್ತು ಸಾವಿರ ಬೇಕೆಂದ. ಅವರಿಬ್ಬರ ಮೇಲೆ ಆಗಲೇ ಎರಡು ಕಂಪನಿಗಳ ಸಾಲವಿದ್ದುದರಿಂದ ಮೂರನೆಯದು ಹುಟ್ಟಲಿಲ್ಲ. ವಿಶಾಲಮ್ಮ ಹೆಸರು ಕೊಟ್ಟಳು. ಸಂಘದ ಹೆಂಗಸರಲ್ಲಿ ಇದು ಹೊಸತಲ್ಲ: ಆಧಾರ್ ಕಾರ್ಡು, ಸಹಿ, ಫೋಟೋ ಒಬ್ಬಳದು, ದುಡ್ಡು ಇನ್ನೊಬ್ಬಳದು. ಕಂತನ್ನೂ ಅವಳೇ ತಂದುಕೊಡಬೇಕು. ಕಂಪನಿಗೆ ತಿಳಿಯಬಾರದು. ಗಂಡಂದಿರಿಗೂ ಎಷ್ಟೋ ಸಲ ತಿಳಿಯುವುದಿಲ್ಲ. ಹೂವಪ್ಪನಿಗೂ ತಿಳಿದಿರಲಿಲ್ಲ.

ಹಾಗಾಗಿ, ನಿಮ್ಮ ಸಾಲಗಳನ್ನೆಲ್ಲ ಬರೆಯಿರಿ ಎಂದು ಫಿಲೋಮಿನಾ ಹಾಳೆ ಕೊಟ್ಟಾಗ ವಿಶಾಲಮ್ಮ ಈ ಅರವತ್ತು ಸಾವಿರವನ್ನು ಬರೆದಿರಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ತನ್ನ ಸಾಲವೆಂದು ಅವಳಿಗೆ ತೋರಲೇ ಇಲ್ಲ.

ಕವನ ಒಳ್ಳೆಯ ಶಿಷ್ಯೆ. ಮೊದಲು ಅಂಗಡಿಯ ಉದ್ದರಿ ನಿಲ್ಲಿಸಿದಳು. ಟಿವಿಯ ಡಿಶ್ ತೆಗೆಸಿದಳು. ಫ್ರಿಜ್ ಮಾರಿದಳು. ವಾರದ ಏಳುನೂರ ಎಂಬತ್ತು ರೂಪಾಯಿಯನ್ನು ಮಂಗಳವಾರವೇ ತಂದು ವಿಶಾಲಮ್ಮನ ಕೈಗಿಡುತ್ತಿದ್ದಳು. ನಾನು ಹೇಳಿಕೊಟ್ಟದ್ದು ಇವಳಿಗೆ ಹತ್ತಿತು ಎಂದು ವಿಶಾಲಮ್ಮ ಕ್ಯಾಂಟೀನಿನಲ್ಲೆಲ್ಲ ಹೊಗಳಿಕೊಂಡು ಬಂದಳು.

ಆ ತಿಂಗಳ ಮೂರನೆಯ ಶನಿವಾರ ಫಿಲೋಮಿನಾ ಬಾಗಿಲು ಮುಂದೆ ಮಾಡಿ ಕೇಳಿದಳು: "ಬೇರೆಯವರಿಗೆ ಹೆಸರು ಕೊಟ್ಟೋರು ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ. ಹದಿನೆಂಟು ಹೆಂಗಸರೂ ನೆಲ ನೋಡಿದರು.

"ಸರಿ, ಯಾರೂ ಇಲ್ಲ. ಹಾಗಾದ್ರೆ ಸಾಲ ಉಳಿಸಿ ಊರು ಬಿಡೋರ ಲಕ್ಷಣ ಹೇಳ್ತೀನಿ, ಬರ್ಕೊಳ್ಳಿ. ಗುರುತಿನವ್ರಿಗೆ ಬೇಕಾಗುತ್ತೆ. ಕಂತು ಸರಿಯಾಗಿ ಕಟ್ತಾರೆ, ಯಾರಿಗೂ ಅನುಮಾನ ಬರ್ಬಾರ್ದು ಅಂತ. ಅಂಗಡೀಲಿ ಉದ್ದರಿ ಇಟ್ಟಿರಲ್ಲ. ಭಾರದ ಸಾಮಾನು ಒಂದೊಂದೇ ಮಾರ್ತಾರೆ. ಕೊನೇಗೆ ಮಕ್ಕಳ ಟಿಸಿ ತೆಗೀತಾರೆ. ಟಿಸಿ ತೆಗೆದ್ರೆ ಮುಗೀತು."

ವಿಶಾಲಮ್ಮನ ಪೆನ್ನು ನಿಂತುಬಿಟ್ಟಿತು. ಉಳಿಸುವವಳ ಮನೆಯೂ ಓಡಿಹೋಗುವವಳ ಮನೆಯೂ ಹೊರಗಿನಿಂದ ಒಂದೇ ರೀತಿ ಕಾಣುತ್ತದೆಂಬುದು ಅವಳಿಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಸೋಮವಾರ ಅರ್ಧ ದಿನ ರಜೆ ಹಾಕಿ ಕವನಳ ಮಗಳು ಓದುವ ಶಾಲೆಗೆ ಹೋದಳು. ಗುಮಾಸ್ತ ಶಂಕರನಾರಾಯಣ ಕನ್ನಡಕದ ಮೇಲಿಂದ ನೋಡಿದರು. "ನೀವೇನಾಗ್ಬೇಕು?"

"ಪಕ್ಕದ ಮನೆ, ಸಾರ್."

"ಪಕ್ಕದ ಮನೆಯೋರಿಗೆ ಹೇಳಿಲ್ವಾ? ಗುರುವಾರವೇ ಟಿಸಿ ತಗೊಂಡ್ರಲ್ಲಮ್ಮ. ತಮಿಳುನಾಡಿನ ತಿರುಪ್ಪೂರಿಗೆ ಅಂದ್ರು."

ಅಲ್ಲಿಂದ ವಿಶಾಲಮ್ಮ ನೇರ ಕವನಳ ಮನೆಗೆ ಬಂದಳು. ಹೊಸ್ತಿಲ ಮೇಲೆ ಕೂತಳು. ಒಳಗೆ ಒಂದು ಚಾಪೆ, ಒಂದು ಸ್ಟವ್, ಗೋಡೆಗೆ ಒರಗಿಸಿದ ಎರಡು ಚೀಲ. ಯೋಗೇಶನೂ ಮಗುವೂ ಕಾಣಲಿಲ್ಲ.

"ಬೆಳಗ್ಗೆ ಹೋದ್ರು," ಎಂದಳು ಕವನ, ಕೇಳುವ ಮೊದಲೇ. "ಎಲ್ಲರೂ ಒಟ್ಟಿಗೆ ಹೋದ್ರೆ ಬೀದಿಯೋರಿಗೆ ಗೊತ್ತಾಗುತ್ತಲ್ಲ ಅಕ್ಕ. ಶೆಡ್ಡಿನ ಮಶಿನ್ನೂ ಹೋಯ್ತು."

"ನಾನು ಇಲ್ಲಿಂದ ಏಳಲ್ಲ ಕವನ. ನನ್ನ ಮಗಳ ಫೀಸಿದೆ."

"ಗೊತ್ತು. ಊಟ ಮಾಡ್ತೀಯಾ? ಅನ್ನ ಇದೆ."

"ಬೀದಿಯೋರನ್ನ ಕರೀತೀನಿ. ಸಂಘದೋರು ಒಂಬತ್ತು ಜನ ಬಂದು ಕೂತ್ರೆ ನೀನೆಲ್ಲಿ ಹೋಗ್ತೀಯ?"

"ಕರಿ," ಎಂದಳು ಕವನ. ದನಿ ಏರಲಿಲ್ಲ. "ಅವರು ಕೂತ್ರೆ ನಾನು ಎಲ್ಲೂ ಹೋಗಲ್ಲ. ಇಲ್ಲೇ ಇರ್ತೀನಿ. ಆಮೇಲೆ ಇಲ್ಲಿ ಏನು ನೋಡ್ತೀರೋ, ನೀವೇ ನೋಡ್ಕೊಳ್ಳಿ."

ವಿಶಾಲಮ್ಮ ತಲೆ ಎತ್ತಿ ಅವಳ ಮುಖ ನೋಡಿದಳು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ನೋಡಿದ ಮುಖ ಅದಲ್ಲ. ಹೆದರಿಕೆ, ನಾಚಿಕೆ, ಸಿಟ್ಟು ಯಾವುದೂ ಅದರಲ್ಲಿರಲಿಲ್ಲ. ಎಲ್ಲ ಮಾರಿ ಮುಗಿದ ಆ ಮನೆಯಂತೆಯೇ ಇತ್ತು. ಇದೇ ವರ್ಷ ಹೊಸಮನೆ ಬಡಾವಣೆಯಲ್ಲಿ ಸಂಘದವರು ಸಂಜೆಯವರೆಗೆ ಕೂತು ಎದ್ದುಬಂದ ಮನೆಯೊಂದರ ಬಾಗಿಲನ್ನು ಬೆಳಗ್ಗೆ ಪೊಲೀಸರು ಒಡೆದು ಹೆಣ ಇಳಿಸಿದ್ದರು. ಅದು ಇಬ್ಬರಿಗೂ ಗೊತ್ತಿತ್ತು.

ಬಿಸಿಲು ಹೊಸ್ತಿಲಿಂದ ಒಳಗಿನ ಚಾಪೆಗೆ ಸರಿಯುವ ತನಕ ವಿಶಾಲಮ್ಮ ಕೂತಳು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದಳು.

"ಹೋಗಿ ಸೇರಿದ ಮೇಲೆ ಫೋನ್ ಮಾಡು," ಎಂದಳು. ಕವನ ಮಾಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕವನ ಹೂಂ ಎಂದಳು.

ಬುಧವಾರ ಬೆಳಗ್ಗೆ ಏಳು ಗಂಟೆಗೆ, ಸಂಘ ಸೇರುವ ಜಾಗದಲ್ಲಿ, ಕಂತು ಎತ್ತುವ ಕಂಪನಿಯ ಸತೀಶ್ ಬೈಕ್ ನಿಲ್ಲಿಸಿ ಹೆಸರು ಕರೆದ. ವಿಶಾಲಮ್ಮ ತನ್ನ ಕಂತು ಕಟ್ಟಿ, ಅದರ ಮೇಲೆ ಕವನಳ ಏಳುನೂರ ಎಂಬತ್ತನ್ನೂ ಕಟ್ಟಿದಳು. ಸತೀಶ್ ಎಣಿಸಿ ನಕ್ಕ: "ನಿಮ್ಮಂಥೋರು ಹತ್ತು ಜನ ಇದ್ರೆ ನನಗೆ ಪ್ರಮೋಷನ್ನು, ವಿಶಾಲಕ್ಕ."

ಉಳಿದದ್ದು ಅರವತ್ತೊಂದು ವಾರ. ಕ್ಯಾಂಟೀನಿನ ಸಂಬಳದಲ್ಲಿ ಎರಡು ಕಂತು ಹುಟ್ಟುವುದಿಲ್ಲ. ಬ್ಯಾಂಕಿನಲ್ಲಿರುವ ಫೀಸಿನ ಹಣ ನಲವತ್ತೊಂದು ವಾರಕ್ಕೆ ಬರುತ್ತದೆ, ಆಮೇಲಿನ ಇಪ್ಪತ್ತು ವಾರಕ್ಕೆ ಏನೂ ಇಲ್ಲ. ತರಗತಿಯಲ್ಲಿ ಕಲಿತ ಲೆಕ್ಕ, ತಪ್ಪಲಿಲ್ಲ.

ಮನೆಗೆ ಬಂದಾಗ ಬಿಂದುಶ್ರೀ ತಲೆ ಬಾಚಿ, ಫೀಸು ಕಟ್ಟಲು ಶಿವಮೊಗ್ಗಕ್ಕೆ ಹೋಗುವ ಬಸ್ಸಿಗೆ ಸಿದ್ಧಳಾಗಿ ನಿಂತಿದ್ದಳು.

"ಅಮ್ಮ, ಪಾಸ್‌ಬುಕ್ ಕೊಡು. ಅಲ್ಲಿ ಬ್ಯಾಂಕ್ ಹತ್ತಕ್ಕೆ ತೆಗೀತಾರೆ."

"ಕೂತ್ಕೋ," ಎಂದಳು ವಿಶಾಲಮ್ಮ.

"ಬಸ್ಸು ಹೋಗುತ್ತಮ್ಮಾ."

"ಹೋಗ್ಲಿ. ಕೂತ್ಕೋ."