ಓಣಿಯ ಭಕ್ತಿ, ಅಕ್ಕನ ಹಸಿರು ನೀರು

ವಿದ್ಯಾನಗರದ ನಮ್ಮ ಮನೆಯಲ್ಲಿ ಬಾಳೆಹಣ್ಣಿನ ಸಿಪ್ಪೆಗೆ ಇರುವ ಮರ್ಯಾದೆ ನನಗಿಲ್ಲ. ಅಕ್ಕ ದಿನಾ ಸಂಜೆ ದುರ್ಗದಬೈಲಿನ ಜ್ಯೂಸ್ ಅಂಗಡಿಯಿಂದ ಬಾಳೆ, ಪಪ್ಪಾಯಿ, ಅನಾನಸಿನ ಸಿಪ್ಪೆಗಳನ್ನು ಚೀಲಕ್ಕೆ ತುಂಬಿ, ಸ್ಕೂಟಿಯ ಮುಂದೆ ಕೂಸಿನಂತೆ ನಿಲ್ಲಿಸಿಕೊಂಡು ತರುತ್ತಾಳೆ. ಕುದಿಸಿ, ಸೋಸಿ, ಆ ರಸವನ್ನು ಮಾಳಿಗೆಯ ಮೇಲಿನ ನಾಲ್ಕು ಟಬ್ಬುಗಳಿಗೆ ಔಷಧಿ ಕುಡಿಸುವಂತೆ ಚೂರುಚೂರೇ ಹಾಕುತ್ತಾಳೆ. ಅದನ್ನುಂಡು, ಶ್ರಾವಣದ ಮೋಡ ಬಿಟ್ಟುಕೊಟ್ಟಷ್ಟು ಬಿಸಿಲು ಕಾಯಿಸಿಕೊಂಡು, ನೀರು ಹಸಿರಾಗುತ್ತದೆ. ಆ ಹಸಿರೆಂದರೆ ಕಣ್ಣಿಗೆ ಕಾಣದ ಪಾಚಿ. ಪಾಚಿಯನ್ನು ತಿನ್ನುವುದು ನೀರಿನ ಸೂಕ್ಷ್ಮ ಹುಳು. ಇಲ್ಲಿಗೆ ನಿಲ್ಲಿಸಿದರೆ ವಿಜ್ಞಾನ. ಒಂದು ಹೆಜ್ಜೆ ಮುಂದಿಟ್ಟರೆ ಮೀನು.

ನಮ್ಮದು ತತ್ತಿ ಎಂಬ ಪದವನ್ನೂ ಬಾಗಿಲು ಮುಚ್ಚಿಕೊಂಡು ಆಡುವ ಮನೆ. ಧಾರವಾಡದ ಹೊರಗೆ ಅಕ್ಕ ಬಾಡಿಗೆಗೆ ಹಿಡಿದ ಸಿಮೆಂಟು ತೊಟ್ಟಿಗಳಲ್ಲಿ ಮೀನುಮರಿ ಸಾಕಿ, ಕೆರೆಯಲ್ಲಿ ಮೀನು ಬೆಳೆಸುವವರಿಗೆ ಮಾರುತ್ತಾಳೆಂದು ಅವ್ವನಿಗೆ ಗೊತ್ತಿರಲಿಲ್ಲ. ‘ನೀರಾಗಿನ ಜೀವಕ್ಕ ಆಹಾರ’ ಎಂದಷ್ಟೇ ಅಕ್ಕ ಹೇಳಿದ್ದಳು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಆ ವಾಕ್ಯಕ್ಕೆ ಮನಸ್ಸಿನಲ್ಲೇ ಪೂರ್ಣ ಅಂಕ ಕೊಟ್ಟಿದ್ದೆ: ಸುಳ್ಳಿಲ್ಲ, ಸತ್ಯದ ತೊಂದರೆಯೂ ಇಲ್ಲ.

ತೊಂದರೆ ಬಂದದ್ದು ಭಕ್ತಿಯಿಂದ. ಪೂಜೆಗಿಟ್ಟ ಹಣ್ಣನ್ನು ಕಸಕ್ಕೆ ಹಾಕಬಾರದು, ಅದು ಕಾಲಡಿ ಬೀಳಬಾರದು. ಶ್ರಾವಣ ಸೋಮವಾರ ಓಣಿಯ ಆಕಳುಗಳೂ ತಿಂದು ಸಾಕಾಗಿ ಬಾಳೆಹಣ್ಣು ಕಂಡರೆ ಮುಖ ತಿರುಗಿಸುತ್ತವೆ. ಜೀವಕ್ಕೆ ಆಹಾರವಾಗುವ ಟಬ್ಬು ನಮ್ಮ ಮಾಳಿಗೆ ಮೇಲಿದೆಯೆಂದು ಅವ್ವ ಅಭಿಮಾನದಿಂದ ಹೇಳಿದ್ದೇ ತಡ, ಮುಂದಿನ ಸೋಮವಾರ ಓಣಿಯ ಹೆಂಗಸರೆಲ್ಲ ಮೆಟ್ಟಿಲೇರಿ, ವಿಭೂತಿ ಮೆತ್ತಿದ ಇಡೀ ಹಣ್ಣುಗಳನ್ನು ಎರಡು ಟಬ್ಬಿನಲ್ಲಿ ಮುಳುಗಿಸಿ ಕೈಮುಗಿದು ಹೋದರು. ಅಷ್ಟು ಸಿಹಿ ಸಿಕ್ಕರೆ ಕೊಳೆಸುವ ಸೂಕ್ಷ್ಮಾಣುಗಳು ಸುಮ್ಮನಿರುತ್ತವೆಯೇ? ಪಾಚಿಗಿಂತ ಮೊದಲು ಪಂಕ್ತಿಯಲ್ಲಿ ಕೂತು, ನೀರಿನ ಉಸಿರನ್ನೂ ಉಂಡು ಎದ್ದವು. ನೀರು ಕಂದುಬಣ್ಣಕ್ಕೆ ತಿರುಗಿ ನಾರಿತು.

ಉಳಿದದ್ದು ಎರಡು ಟಬ್ಬು. ಆ ವಾರವೇ ತೊಟ್ಟಿಯಲ್ಲಿ ತತ್ತಿಯೊಡೆದು ಮರಿಗಳು ಹೊರಬಂದಿದ್ದವು. ಹುಟ್ಟುವಾಗ ಅವು ಹೊಟ್ಟೆಯಲ್ಲೇ ಒಂದಿಷ್ಟು ಬುತ್ತಿ ಕಟ್ಟಿಕೊಂಡು ಬರುತ್ತವಂತೆ. ಆ ಬುತ್ತಿ ಮಂಗಳವಾರಕ್ಕೆ ಮುಗಿಯುವುದಿತ್ತು. ಅಷ್ಟರಲ್ಲಿ ಹಸಿರು ನೀರು ಸಿಗದಿದ್ದರೆ ಮರಿಗಳೆಲ್ಲ ಸಾಯುತ್ತವೆ. ನಡುವೆ ನಿಂತದ್ದು ಇನ್ನೊಂದು ಸೋಮವಾರ.

ಭಾನುವಾರ ಸಂಜೆ ಪಕ್ಕದ ಮನೆಯ ಗಿರಿಜಾ ಕಾಕು ಅವ್ವನ ಜೊತೆ ಕಟ್ಟೆಯ ಮೇಲೆ ಕೂತಿದ್ದರು. ಅಕ್ಕ ನನ್ನನ್ನು ಮುಂದೆ ನೂಕಿದಳು. “ಕಪ್ ಗೆದ್ದಾಕಿ ನೀನ. ನೀನ ಮಾತಾಡು.”

“ಕಾಕು, ನಾಳೆ ಹಣ್ಣು ತರಬ್ಯಾಡ್ರಿ,” ಎಂದೆ. “ಹೆಚ್ಚಾದ್ರ ನೀರಾಗಿನ ಆಕ್ಸಿಜನ್ ಕಡಿಮಿ ಆಗತೈತಿ.”

“ನೈವೇದ್ಯ ಹೆಚ್ಚಾಗೂದಂದ್ರ ಹೆಂಗವಾ?”

ನಾನು ಮೂರು ಅಂಶಗಳಲ್ಲಿ ವಿವರಿಸಿದೆ. ಕಾಕು ತಾಳ್ಮೆಯಿಂದ ಕೇಳಿದರು.

“ಆತು ಬಿಡು. ನಾಳೆ ಒಂದ ಡಜನ್ ಅಷ್ಟ ತರ್ತೇನಿ.”

ಹಿಂದಿನಿಂದ ಅಕ್ಕನ ದನಿ ಬಂತು. “ಕಾಕು, ಅದು ಮೀನಿಗ್ರಿ.”

“ಬಣ್ಣದ ಮೀನೇನು? ಗಾಜಿನ ಪೆಟಗ್ಯಾಗ ಇಡತಾರಲ್ಲ?”

“ಅಲ್ರಿ. ತಿನ್ನೂ ಮೀನು.”

“ಅಂದ್ರ ನಮ್ಮ ಶಿವನ ಬಾಳೆಹಣ್ಣು...” ಎಂದು ಶುರು ಮಾಡಿದ ಕಾಕು, ಆ ಹಣ್ಣಿನ ಪ್ರಯಾಣವನ್ನು ಯಾರದೋ ತಾಟಿನವರೆಗೆ ಮನಸ್ಸಿನಲ್ಲೇ ಹಿಂಬಾಲಿಸಿ, ವಾಕ್ಯ ಮುಗಿಸದೆ ಸೆರಗು ಸರಿಮಾಡಿಕೊಂಡು ಎದ್ದು ಹೋದರು.

“ಓಣ್ಯಾಗ ನಾ ಹೆಂಗ ಅಡ್ಡಾಡ್ಲಿ?” ಅವ್ವ ಅಕ್ಕನನ್ನು ನೋಡದೆ ಕೇಳಿದಳು. “ಟಬ್ಬು ತೆಗದಬಿಡು.”

“ಮಂಗಳವಾರ ತೆಗಿತೇನಿ. ಅಲ್ಲೀತನಾ ಮುಟ್ಟಬ್ಯಾಡವ್ವಾ. ಮರಿ ಹಸ್ಕೊಂಡು ಸಾಯ್ತಾವ.”

ಅವ್ವ ಒಳಗೆ ಹೋದಳು. ಒಪ್ಪಿಗೆಯೋ ಬಹಿಷ್ಕಾರವೋ ತಿಳಿಯಲಿಲ್ಲ.

ಸೋಮವಾರ ನಮ್ಮ ಮೆಟ್ಟಿಲನ್ನು ಯಾರೂ ಹತ್ತಲಿಲ್ಲ. ನನ್ನ ಮೂರು ಅಂಶಗಳು ತಡೆಯಲಾಗದ ಬಾಳೆಹಣ್ಣನ್ನು ಮೈಲಿಗೆಯ ಭಯ ಒಂದೇ ರಾತ್ರಿಯಲ್ಲಿ ತಡೆದಿತ್ತು. ಮೀನುಮರಿಗಳ ಪ್ರಾಣ ಕಾದದ್ದು ಮೀನು ಕಂಡರಾಗದವರ ಸಿಟ್ಟು. ಹಸಿರಾಗಿಯೇ ಉಳಿದ ಎರಡು ಟಬ್ಬುಗಳ ಪಕ್ಕ ಕೂತು ನಾನು ಲೋಕದ ಪಂಕ್ತಿಯನ್ನು ಯೋಚಿಸಿದೆ. ಹಣ್ಣು ಪಾಚಿಯಾದರೆ ಪುಣ್ಯ, ಪಾಚಿ ಹುಳುವಾದರೆ ಯಾರಿಗೂ ಚಿಂತೆಯಿಲ್ಲ, ಹುಳು ಮೀನಾದರೆ ಮುಜುಗರ, ಮೀನು ಸಾರಾದರೆ ಪಾಪ. ಈ ಸಾಲಿನಲ್ಲಿ ಗಡಿಕಲ್ಲು ನೆಟ್ಟವರು ಯಾರು? ನಿಮಗೆ ಗೊತ್ತಿದ್ದರೆ ಹೇಳಿ, ನಾನು ಎರಡೂ ಪಕ್ಷದಿಂದ ವಾದಿಸಬಲ್ಲೆ. ಆದರೆ ಹಸಿದ ಮರಿಯ ಮುಂದೆ ಯಾವ ಪಕ್ಷದ ವಾದ ಹಿಡಿದರೂ ಅದರ ಹೊಟ್ಟೆ ತುಂಬುವುದಿಲ್ಲ.

ಮಂಗಳವಾರ ಅಕ್ಕ ಹಸಿರು ನೀರನ್ನು ಕ್ಯಾನುಗಳಿಗೆ ತುಂಬಿಕೊಂಡು ತೊಟ್ಟಿಯ ಕಡೆ ಹೋದಳು. ಸಂಜೆ ಅವಳ ಫೋನು ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ನನ್ನಿಂದ ಫೋನು ಕಸಿದುಕೊಂಡಳು.

“ಉಂಡ್ವೇನು ಅವು?”

“ಉಂಡಾವವ್ವಾ. ಮೈಯಾಗ ಹುರುಪು ಬಂದು ಓಡ್ಯಾಡಾಕತ್ತಾವ.”

ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿಹಾಕಿದಳು.

“ಹಂಗಾರ ಟಬ್ಬು ಇರ್ಲಿ ಬಿಡು. ಆದ್ರ ದೊಡ್ಡವಾದ ಮ್ಯಾಲ ಅವು ಯಾರ ಮನಿಗೆ ಹೋಗ್ತಾವ ಅಂತ ನನಗ ಹೇಳಬ್ಯಾಡ.”