ಬೀಗ, ಬಳೆ ಮತ್ತು ಒಂದು ‘ಬುಡು’

ನಮ್ಮ ಕಡೆ ‘ಬುಡು’ ಎಂಬ ಒಂದೇ ಮಾತಿನಲ್ಲಿ ಅರ್ಧ ಸಂಸಾರ ನಡೆದುಹೋಗುತ್ತದೆ. ಜಗಳ ಸಾಕೆನಿಸಿದರೆ ‘ಬುಡತ್ಲಾಗೆ’. ಗದ್ದೆಗೆ ನೀರು ಹಾಯಿಸಬೇಕಾದರೆ ‘ನೀರ್ ಬುಡು’. ಯಾರಾದರೂ ತಪ್ಪಾಯಿತು ಎಂದು ಮುಖ ಚಿಕ್ಕದು ಮಾಡಿಕೊಂಡರೆ ‘ಅಯ್ಯೋ, ಬುಡಿ’. ಲೈನ್‌ಮನ್‌ಗೆ ಫೋನ್ ಹಚ್ಚಿ ‘ಕರೆಂಟ್ ಬುಡಣ್ಣ’ ಎಂದು ಗೋಗರೆಯುವುದೂ ಇದೇ ಬಾಯಲ್ಲಿ. ಬಿಳಿಕೆರೆಯಲ್ಲಿ ಹುಟ್ಟಿ ಬೆಳೆದ ನನಗೆ ಈ ಮಾತಿನ ಮೇಲೆ ಎಂದೂ ಅನುಮಾನ ಬಂದಿರಲಿಲ್ಲ. ಕೆ.ಆರ್. ನಗರದ ಹತ್ತಿರದ ಒಂದು ಅಕ್ಕಿ ಮಿಲ್ಲಿನಲ್ಲಿ ಅದು ನನ್ನ ಕೈಗೇ ಬಾಯಿ ಹಾಕಿದ ಮೇಲೆ ಬಂತು.

ನನ್ನ ಕಸುಬು ಕಂಟ್ರೋಲ್ ಪ್ಯಾನೆಲ್ ರಿಪೇರಿ. ಮೋಟಾರು, ವಾಲ್ವುಗಳಿಗೆ ಅಪ್ಪಣೆ ಕೊಡುವ ಆಳೆತ್ತರದ ಕಬ್ಬಿಣದ ಬೀರು ಇರುತ್ತದಲ್ಲ, ಅದರ ಹೊಟ್ಟೆಯೊಳಗಿನ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಮಿಲ್ಲು, ಯಾವ ಪಂಪ್‌ಹೌಸು ಕೆಟ್ಟು ಕೂತರೂ ಸ್ಕೂಟರಿಗೆ ಟೂಲ್ ಬ್ಯಾಗ್ ಸಿಕ್ಕಿಸಿಕೊಂಡು ಹೊರಡುತ್ತೇನೆ. ಹೋದಲ್ಲೆಲ್ಲ, ಬಂದದ್ದು ಹೆಂಗಸೆಂದು ಕಂಡ ಜನ ಮೊದಲು ನೋಡುವುದು ನನ್ನ ಬೆನ್ನ ಹಿಂದೆ. ಹಂಪಾಪುರದ ಪಂಪ್‌ಹೌಸಿನಲ್ಲಿ ಒಬ್ಬರು ಕೇಳಿಯೇಬಿಟ್ಟರು, “ಮೆಕಾನಿಕ್ಕು ಇಂದ್ಗಡೆ ಬತ್ತಾವ್ರಾ?”

“ಬರಲ್ಲ ಕಣಣ್ಣ. ದಾರೀಲಿ ಹಸಿವಾಯ್ತು, ತಿಂದ್ಬುಟ್ಟೆ” ಎಂದಿದ್ದೆ. ನನ್ನ ಮೂಗಿನ ತುದಿಯಲ್ಲಿ ಕೋಪ ಸದಾ ಕೂತೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಈ ಕತೆಯಲ್ಲಿ ನನ್ನನ್ನು ಕಾಪಾಡಿದ್ದೂ ಅದೇ.

ಆ ಮಿಲ್ಲಿನಲ್ಲಿ ಭತ್ತ ಬೇಯಿಸಿ, ಒಣಗಿಸಿ, ಕೇರಳದ ಲಾರಿಗಳಿಗೆ ಕುಸುಬಲಕ್ಕಿ ತುಂಬುತ್ತಾರೆ. ಬೆಂದ ಭತ್ತ ಒಣಗಲು ಬಿಸಿಗಾಳಿ ಬೇಕು, ಗಾಳಿ ಬಿಸಿಯಾಗಲು ಹಬೆ ಬೇಕು. ಹಬೆಯ ವಾಲ್ವ್ ಎಷ್ಟು ತೆರೆಯಬೇಕು ಎಂದು ಹೇಳುವುದು ಪ್ಯಾನೆಲಿನೊಳಗಿನ ಒಂದು ಕಾರ್ಡು. ಅದರ ಪೂರ್ತಿ ಹೆಸರು ಅನಲಾಗ್ ಔಟ್‌ಪುಟ್ ಮಾಡ್ಯೂಲ್. ಹೆಸರು ಬಾಯಿ ತುಂಬ, ಗಾತ್ರ ಸೋಪಿನ ಡಬ್ಬಿಯಷ್ಟು. ಹಿಂದಿನ ವಾರದ ಸಿಡಿಲಿಗೆ ಅದು ಸತ್ತಿತ್ತು. ವಾಲ್ವನ್ನು ಕೈಯಲ್ಲೇ ತಿರುಗಿಸಿ ತಿರುಗಿಸಿ ಮಿಲ್ಲಿನವರಿಗೆ ಸಾಕಾಗಿತ್ತು. ಅಕ್ಕಿಗಿಂತ ನುಚ್ಚೇ ಜಾಸ್ತಿ ಬರುತ್ತಿತ್ತು.

“ಒಂದು ಡಬ್ಬಿಗೋಸ್ಕರ ಇಡೀ ಡ್ರೈಯರ್ ನಿಲ್ಲಿಸ್ಬೇಕಾ? ಸ್ವಿಚ್ ಇದ್ದಂಗೆ ತಾನೆ ಅದು?” ಎಂದು ಮಿಲ್ಲಿನ ಯಜಮಾನರು ಕೇಳಿದರು.

ಸ್ವಿಚ್ಚಿಗೆ ಹೂಂ, ಊಹೂಂ ಎರಡೇ ಗೊತ್ತು. ಇದು ಗ್ಯಾಸ್ ಒಲೆಯ ತಿರುಗಣೆಯ ಹಾಗೆ, ಸಣ್ಣ ಉರಿಗೂ ದೊಡ್ಡ ಉರಿಗೂ ನಡುವಿನ ಎಲ್ಲವನ್ನೂ ಬಲ್ಲದು. ತಂತಿಯಲ್ಲಿ ನಾಲ್ಕು ಮಿಲಿಆಂಪ್ ಕಳಿಸಿದರೆ ವಾಲ್ವ್ ಪೂರ್ತಿ ಮುಚ್ಚುತ್ತದೆ, ಇಪ್ಪತ್ತು ಕಳಿಸಿದರೆ ಪೂರ್ತಿ ತೆರೆಯುತ್ತದೆ. ಸೊನ್ನೆಯಿಂದ ಯಾಕೆ ಶುರುವಾಗುವುದಿಲ್ಲ ಎಂದರೆ, ಸೊನ್ನೆ ಬಂತೆಂದರೆ ತಂತಿ ತುಂಡಾಗಿದೆ ಎಂದು ತಿಳಿಯಬೇಕಲ್ಲ. ಮುಚ್ಚು ಎಂದು ಹೇಳುವುದಕ್ಕೂ ಬಾಯಿ ತೆರೆಯಬೇಕು. ಇಷ್ಟನ್ನೂ ವಿವರಿಸಿದೆ. ಯಜಮಾನರು ಪೂರ್ತಿ ಕೇಳಿ, “ಸಂಜೆ ಲಾರಿ ಬತ್ತದೆ, ಬೇಗ ಮಾಡಮ್ಮ” ಎಂದರು.

ಮಿಲ್ಲಿನ ಎಲೆಕ್ಟ್ರಿಷಿಯನ್ನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನರೆತ ಮೀಸೆ, ಕಿವಿಯ ಮೇಲೆ ಪೆನ್ಸಿಲಿನ ಜಾಗದಲ್ಲಿ ಟೆಸ್ಟರ್. ನಮ್ಮೂರಿನ ಯಾವುದೋ ಮದುವೆಯ ನೆಂಟಸ್ತಿಕೆ ಎಳೆದು, ಐದು ನಿಮಿಷದಲ್ಲಿ ನನ್ನನ್ನು ಮಗಳ ವರಸೆಗೆ ತಂದುಕೊಂಡರು. ಡ್ರೈಯರ್ ಪ್ಯಾನೆಲಿಗೆ ಕರೆಂಟು ಕೊಡುವ ಮೇನ್ ಹ್ಯಾಂಡಲ್ ಗೋಡೆಯಾಚೆಯ ಶೆಡ್ಡಿನಲ್ಲಿತ್ತು, ಪ್ಯಾನೆಲ್ ಈಚೆ. ಅಲ್ಲಿ ನಿಂತವರಿಗೆ ಇಲ್ಲಿಯವರ ಮುಖ ಕಾಣದು. ಕೂಗಿದರೆ ಮಾತ್ರ ಕೇಳುತ್ತದೆ, ಅದೂ ಅರ್ಧಂಬರ್ಧ. ಅಕ್ಕಿ ಮಾಡುವ ಭಾಗದ ಕರೆಂಟು ಬೇರೆ, ಅದರ ಗದ್ದಲ ನಿಲ್ಲುವುದಿಲ್ಲ.

ಮೊದಲು ಹಬೆಯ ಕೈವಾಲ್ವನ್ನು ಮುಚ್ಚಿಸಿದೆ. ದೊಡ್ಡಣ್ಣ ಮೇನ್ ಹ್ಯಾಂಡಲನ್ನು ಕೆಳಗಿಳಿಸಿದರು. ನಾನು ಬ್ಯಾಗಿನಿಂದ ಕೆಂಪು ಬೀಗ ತೆಗೆದು, ಹ್ಯಾಂಡಲಿನ ತೂತಿಗೆ ಹಾಕಿ, ಕೀಲಿ ಜೇಬಿಗಿಳಿಸಿದೆ. ಅವರ ಮುಖ ಬಾಡಿತು.

“ಯಾಕವ್ವ ಬೀಗ? ನಾನ್ ಇಲ್ಲೇ ನಿಂತಿರ್ತೀನಲ್ಲ.”

“ರೂಲ್ಸು ಕಣಣ್ಣ. ಎಲ್ಲಿಗೆ ಹೋದ್ರೂ ಹಾಕ್ತೀನಿ.”

“ಬೀಗ ಆಕೋದು ಕಳ್ಳಂಗೆ. ಇಪ್ಪತ್ತೆಂಟ್ ವರ್ಸದಿಂದ ಈ ಆಂಡ್ಲು ನನ್ ಕೈಲದೆ. ಒಬ್ರಿಗಾದ್ರೂ ಶಾಕ್ ಒಡ್ಸಿದ್ದೀನಾ, ಕೇಳ್ಕೊಂಡ್ ಬಾ ಓಗು.”

ಮನುಷ್ಯ ನಿಂತಿರುವಲ್ಲಿ ಬೀಗ ಹಾಕುವುದೆಂದರೆ ನಮ್ಮಲ್ಲಿ ಆ ಮನುಷ್ಯನ ಮುಖಕ್ಕೇ ಹಾಕಿದ ಹಾಗೆ. ನನಗೂ ಅದು ಗೊತ್ತು. ಏನೋ ಸಮಾಧಾನ ಮಾಡಿ, ‘ಕರೆಂಟ್ ಬುಡಿ ಅಂತ ನಾನು ಕೂಗೋವರೆಗೆ ಮುಟ್ಬೇಡಿ’ ಎಂದು ಹೇಳಿ ಈಚೆ ಬಂದೆ, ಅವರೂ ಹಿಂದೆಯೇ ಬಂದರು. ನಾನು ಬಳೆ, ಉಂಗುರ ಬಿಚ್ಚಿ ಟಿಫನ್ ಡಬ್ಬಿಯ ಮುಚ್ಚಳದಲ್ಲಿಟ್ಟದ್ದನ್ನು ಕಂಡದ್ದೇ ಎರಡನೆಯ ತಕರಾರು ಶುರುವಾಯಿತು.

“ಇದೇನವ್ವ ಇದು? ಮುತ್ತೈದೆ ಇಂಗೆ ಬರಿಗೈಲಿ ಇರ್ಬಾರ್ದು ಕಣವ್ವ.”

ಪ್ಯಾನೆಲಿನೊಳಗೆ ಚಿನ್ನಕ್ಕೂ ತಂತಿಗೂ ಭೇದವಿಲ್ಲ, ಎರಡರಲ್ಲೂ ಕರೆಂಟು ಹರಿಯುತ್ತದೆ. ಕಾರ್ಡು ಹಿಡಿಯುವಾಗ ನಮ್ಮ ಮೈಯಲ್ಲಿನ ಸಣ್ಣ ಕರೆಂಟು ಅದನ್ನು ಕೊಲ್ಲದಿರಲಿ ಎಂದು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ, ಅದರ ತಂತಿಯನ್ನು ಅರ್ತಿಂಗಿಗೆ ಸಿಕ್ಕಿಸಿಕೊಳ್ಳಬೇಕು. ಆ ಪಟ್ಟಿಯನ್ನು ಎತ್ತಿ ತೋರಿಸಿ, “ಇದೇ ನನ್ ಬಳೆ ಕಣಣ್ಣ” ಎಂದೆ.

ಅವರು ಹಿಂದೆ ಮುಂದೆ ನೋಡಿ, “ಇದ್ಕೆ ಬಾಲ ಬೇರೆ ಅದೆ” ಎಂದು ಗೊಣಗಿ, ಶೆಡ್ಡಿಗೆ ಹೋಗಿ ಬೀಗಕ್ಕೆ ಬೆನ್ನು ತಿರುಗಿಸಿ ನಿಂತರು. ಟೀ ಬಂತು, ಮುಟ್ಟಲಿಲ್ಲ.

ಸುದ್ದಿ ಯಜಮಾನರಿಗೆ ಹೋಯಿತು. ಬಂದವರೇ, “ಏನಮ್ಮ, ನಮ್ಮ ಹಿರೀಕರಿಗೆ ಬೀಗ ಹಾಕಿದ್ದೀಯಂತೆ? ತೆಗಿ, ತೆಗಿ. ಹೆಂಗಸ್ರು ನೀವು, ಸುಮ್ಮನೆ ಹೆದರ್ಕೋತೀರ” ಎಂದರು.

ನಿಜ ಹೇಳುತ್ತೇನೆ. ದೊಡ್ಡಣ್ಣನ ಬಾಡಿದ ಮುಖ ನೋಡಿ ನನ್ನ ಕೈ ಅಷ್ಟು ಹೊತ್ತಿಗೆ ಕೀಲಿಯ ಮೇಲೇ ಇತ್ತು. ತೆಗೆದುಬಿಡೋಣ, ಅವರು ನಿಂತಿರುತ್ತಾರಲ್ಲ, ಅರ್ಧ ಗಂಟೆಯ ಕೆಲಸ ಎಂದು ಮನಸ್ಸು ಸಡಿಲವಾಗಿತ್ತು. ಯಜಮಾನರು ಆ ‘ಹೆಂಗಸ್ರು’ ಒಂದನ್ನು ಬಿಟ್ಟು ಹೇಳಿದ್ದರೆ ತೆಗೆದೇ ತೆಗೆಯುತ್ತಿದ್ದೆ. ಅದನ್ನು ಕೇಳಿದ್ದೇ ಕೋಪ ನೆತ್ತಿಗೇರಿತು. “ಬೀಗ ತೆಗೆದ್ರೆ ನಾನೂ ಊರಿಗೆ ಹೊರಟೆ” ಎಂದೆ. ಅವರು ಕೈ ಚೆಲ್ಲಿ ಹೋದರು. ಹೀಗಾಗಿ, ಆ ಬೀಗ ಅಲ್ಲಿ ಉಳಿದದ್ದು ಬುದ್ಧಿಯಿಂದ ಎಂದು ಯಾರೂ ನನ್ನನ್ನು ಹೊಗಳಬೇಕಾಗಿಲ್ಲ.

ಕೆಲಸಕ್ಕೆ ಕೂತೆ. ಮೀಟರನ್ನು ಮೊದಲು ಕರೆಂಟಿರುವ ಬೇರೊಂದು ಪಾಯಿಂಟಿಗಿಟ್ಟು ಅದು ಬದುಕಿದೆಯೆಂದು ನೋಡಿಕೊಂಡೆ. ಆಮೇಲೆ ಪ್ಯಾನೆಲಿಗೆ ಇಟ್ಟೆ, ಸೊನ್ನೆ. ಮತ್ತೆ ಹೊರಗಿನ ಪಾಯಿಂಟಿಗೆ ಇಟ್ಟೆ. ಸತ್ತ ಮೀಟರೂ ಸೊನ್ನೆಯನ್ನೇ ತೋರಿಸುತ್ತದೆ ಎಂದು ನನಗೆ ಕಲಿಸಿದವರು ಹೇಳುತ್ತಿದ್ದರು. ತಂತಿಗಳ ಫೋಟೊ ಹೊಡೆದು, ಒಂದೊಂದಕ್ಕೂ ಚೀಟಿ ಸುತ್ತಿ, ಹಳೆಯ ಕಾರ್ಡನ್ನು ಕಳಚಿ, ಹೊಸದನ್ನು ಅದರ ಜಾಗದಲ್ಲಿ ಒತ್ತಿದೆ. ಟಕ್ ಎಂದು ಕೂತುಕೊಂಡಿತು. ಉಳಿದದ್ದು ವಾಲ್ವಿಗೆ ಹೋಗುವ ಕೇಬಲ್. ಸಿಡಿಲಿಗೆ ಅದೂ ಸುಟ್ಟಿತ್ತು. ಹೊಸ ಕೇಬಲನ್ನು ಪ್ಯಾನೆಲಿನ ತಳದ ತೂತಿನಿಂದ ಮೇಲಕ್ಕೆಳೆಯಬೇಕು. ಆ ತೂತು ಮೂರು ಫೇಸಿನ ದಪ್ಪ ತಂತಿಗಳು ಬಂದು ಸೇರುವ ತಾಮ್ರದ ಪಟ್ಟಿಗಳ ಪಕ್ಕದಲ್ಲೇ ಇತ್ತು. ಕೈ ತೂರಲಿ ಎಂದು ಆ ಪಟ್ಟಿಗಳ ಮೇಲಿನ ಮುಚ್ಚಳ ಬಿಚ್ಚಿದೆ. ಬಲಗೈಯನ್ನು ಮೊಣಕೈವರೆಗೆ ಒಳಗೆ ಇಳಿಸಿದೆ. ಕರೆಂಟು ಬಂದರೆ ಆ ಕೈ ಹೊರಗೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಗೋಡೆಯಾಚೆಯಿಂದ ದೊಡ್ಡಣ್ಣನ ದನಿ ಬಂತು. ಮುನಿಸು ಕರಗಿತ್ತು ಎಂದು ಕಾಣುತ್ತದೆ.

“ಅವ್ವೋ! ನಂದೇ ತೆಪ್ಪಾಯ್ತು ಕಣವ್ವ! ಸುಮ್ಕೆ ನಿನ್ ಮ್ಯಾಲೆ ರೇಗ್ಬುಟ್ಟೆ!”

ನನಗೆ ಕರುಳು ಚುರುಕ್ ಎಂದಿತು. ಹಿರಿಯರು, ತಾವಾಗಿ ತಪ್ಪಾಯ್ತು ಎನ್ನುತ್ತಿದ್ದಾರೆ. ಕೈ ಒಳಗಿದ್ದ ಹಾಗೆಯೇ ಗಂಟಲು ಹರಿಯುವಂತೆ ಕೂಗಿದೆ, “ಅಯ್ಯೋ, ಬುಡಣ್ಣೋ!”

‘ಅಯ್ಯೋ’ವನ್ನು ಮಿಲ್ಲಿನ ಗದ್ದಲ ನುಂಗಿತು. ಗೋಡೆ ದಾಟಿದ್ದು ‘ಬುಡಣ್ಣೋ’ ಮಾತ್ರ.

ಖಣ್ ಎಂದು ಶಬ್ದವಾಯಿತು. ಮತ್ತೊಮ್ಮೆ, ಇನ್ನೂ ಜೋರಾಗಿ, ಖಣ್. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಏನೆಂದು ನನಗೆ ಅರ್ಥವಾಗುವ ಮೊದಲೇ ನನ್ನ ಕೈಗೆ ಅರ್ಥವಾಗಿತ್ತು, ಅದು ಹೊರಗೆ ಬಂದುಬಿಟ್ಟಿತ್ತು. ಮೊಣಕೈ ತರಚಿದ್ದು ಗೊತ್ತಾದದ್ದು ಆಮೇಲೆ.

ಮಣಿಕಟ್ಟಿನ ಪಟ್ಟಿ ಕಿತ್ತು ಶೆಡ್ಡಿಗೆ ಓಡಿದೆ. ದೊಡ್ಡಣ್ಣ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ನಿಂತಿದ್ದರು. ಅದು ಒಂದು ಬೆರಳಿನಷ್ಟು ಮೇಲೆದ್ದು ಬೀಗಕ್ಕೆ ಸಿಕ್ಕಿಕೊಂಡಿತ್ತು. ಆತುರದಲ್ಲಿ ಅವರಿಗೆ ಬೀಗದ ನೆನಪೇ ಹೋಗಿತ್ತು. ಇಪ್ಪತ್ತೆಂಟು ವರ್ಷ ಬೀಗ ಕಾಣದ ಕೈ ಅದು.

“ನೀನೇ ಬುಡು ಅಂದ್ಯಲ್ಲವ್ವ...”

“ನಾನು... ಹೋಗ್ಲಿ ಬುಡಿ ಅಂತ ಅಂದೆ ಕಣಣ್ಣ.”

“ಕೈ ಎಲ್ಲಿತ್ತು?”

ಹೇಳಿದೆ. ಅವರು ಹ್ಯಾಂಡಲ್ ಬಿಟ್ಟು ನೆಲಕ್ಕೆ ಕುಕ್ಕರಿಸಿದರು. ತಪ್ಪು ನನ್ನದೇ. ‘ಕರೆಂಟ್ ಬುಡಿ ಅಂತ ನಾನು ಕೂಗೋವರೆಗೆ ಮುಟ್ಬೇಡಿ’ ಎಂದು ರೂಲ್ಸು ಹೇಳಿದ್ದೂ ನಾನೇ, ಪ್ರೀತಿ ಉಕ್ಕಿ ಅದೇ ಮಾತನ್ನು ಕೂಗಿದ್ದೂ ನಾನೇ. ಹಾಗಂತ ಅವರಿಗೆ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಎದ್ದು ಬೀಗವನ್ನು ಎರಡು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಯಜಮಾನರು ಬಂದರು. ಬೀಗ ನೋಡಿದರು, ನನ್ನ ತರಚಿದ ಮೊಣಕೈ ನೋಡಿದರು. ಹೋಗಿ ಎರಡು ಟೀ ಕಳಿಸಿದರು. ದೊಡ್ಡಣ್ಣ ಈ ಸಲ ಕುಡಿದರು. ಕುಡಿಯುತ್ತಲೇ ಚರ್ಚೆ ಎದ್ದಿತು, ಇನ್ನು ಮೇಲೆ ‘ಬುಡು’ ಬದಲು ಯಾವ ಮಾತು?

“‘ತೆಗಿ’ ಅನ್ನಾಣ” ಎಂದರು ಅವರು.

“ಬಾಗ್ಲು ತೆಗಿ ಅಂದ್ರೆ ತೆರೀತೀರಿ, ಕರೆಂಟ್ ತೆಗಿ ಅಂದ್ರೆ ನಿಲ್ಲಿಸ್ತೀರಿ. ಅದು ಇದಕ್ಕಿಂತ ಮೋಸ ಕಣಣ್ಣ.”

“‘ಆಕು’?”

“ಬೀಗಾನೂ ಹಾಕ್ತೀವಲ್ಲ.”

ಅವರು ಲೋಟದ ತಳ ನೋಡುತ್ತ, “ನಮ್ ಬಾಸೇಲಿ ಸುರಕ್ಷಿತವಾದ್ದು ಒಂದೂ ಇಲ್ವೇನವ್ವ?” ಎಂದರು. ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು ಬಂತು. ಎಲ್ಲವೂ ನಗುವಿನದಾಗಿರಲಿಲ್ಲ.

ಮತ್ತೆ ಹೋಗಿ ಕೇಬಲ್ ಎಳೆದೆ. ಹೊರಗಿನ ಕರೆಂಟಿನ ಗಲಾಟೆ ಒಳಗೆ ನುಗ್ಗದಂತೆ ಅದರ ಮೈಗೆ ಸುತ್ತಿರುವ ತಂತಿಜಾಲರಿಯನ್ನು ಪ್ಯಾನೆಲಿನ ಕಡೆಯ ತುದಿಯಲ್ಲಿ ಮಾತ್ರ ಅರ್ತಿಂಗಿಗೆ ಕಟ್ಟಿದೆ. ಸ್ಕ್ರೂ ಬಿಗಿ ಮಾಡಿ, ಒಂದೊಂದು ತಂತಿಯನ್ನೂ ಜಗ್ಗಿ ನೋಡಿ, ಫೋಟೊಗೆ ಹೋಲಿಸಿ, ತಾಮ್ರದ ಪಟ್ಟಿಗಳಿಗೆ ಮುಚ್ಚಳ ಹಾಕಿದೆ. ಪ್ಯಾನೆಲಿನ ಬಾಗಿಲು ಮುಚ್ಚಿ, ಶೆಡ್ಡಿಗೆ ನಡೆದುಹೋಗಿ, ಬೀಗ ಬಿಚ್ಚಿದೆ.

“ಆಯ್ತಣ್ಣ.”

ದೊಡ್ಡಣ್ಣ ಹ್ಯಾಂಡಲ್ ಮುಟ್ಟಲಿಲ್ಲ. ನನ್ನ ಎರಡೂ ಕೈಗಳನ್ನು ನೋಡಿದರು.

“ಬಳೆ ಎಲ್ಲಿ?”

“ಡಬ್ಬಿ ಮುಚ್ಚಳದಲ್ಲಿದ್ದಾವೆ. ಆಮೇಲೆ ಹಾಕ್ಕೋತೀನಿ, ಬು...” ಎಂದು ಅರ್ಧಕ್ಕೇ ಬಾಯಿ ಮುಚ್ಚಿಕೊಂಡೆ.

“ಈಗ್ಲೇ ಆಕ್ಕೊಂಡ್ ಬಾ. ನಿನ್ ಕೈಲಿ ಬಳೆ ಇದ್ರೆ ನಿನ್ ಕೈ ಪ್ಯಾನಲ್ ಒಳಗಿಲ್ಲ ಅಂತ ತಾನೆ? ಬಾಯಿ ಮಾತು ನಾನಿನ್ನು ನಂಬಕಿಲ್ಲ. ಬಳೆ ಕಂಡ್ರೇನೆ ಆಂಡ್ಲು ಎತ್ತೋದು.”

ಓಡಿಹೋಗಿ ಹಾಕಿಕೊಂಡು ಬಂದೆ. ಕೈ ಬೆವತಿತ್ತು, ಒಂದು ಬಳೆ ಗಿಣ್ಣಿನ ಹತ್ತಿರ ಸಿಕ್ಕಿಕೊಂಡು ಸತಾಯಿಸಿತು. ಅವರು ಕಾದರು. ಎರಡೂ ಕೈ ಎತ್ತಿ ಅಲ್ಲಾಡಿಸಿದೆ. ಅವರು ಒಮ್ಮೆ ಎಡಗೈ, ಒಮ್ಮೆ ಬಲಗೈ ನೋಡಿ, ಹ್ಯಾಂಡಲ್ ಮೇಲೆತ್ತಿದರು.

ಕಾರ್ಡಿನ ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪಿನಿಂದ ನಾಲ್ಕು ಕಳಿಸಿದೆ, ವಾಲ್ವ್ ಮುಚ್ಚಿಕೊಂಡೇ ಇತ್ತು. ಹನ್ನೆರಡಕ್ಕೆ ಅರ್ಧ ಎದ್ದಿತು, ಇಪ್ಪತ್ತಕ್ಕೆ ಪೂರ್ತಿ. ಮತ್ತೆ ಮುಚ್ಚಿಸಿ, ಕೊನೆಗೆ ಹಬೆ ಕೊಡಿಸಿದೆ. ದೊಡ್ಡಣ್ಣ ವಾಲ್ವಿನ ಕಡ್ಡಿ ಏಳುವುದನ್ನೇ ನೋಡುತ್ತ, “ಇಂಗೆ ನಿಧಾನ್ಕೆ ಏಳಾದು ಕಲೀಬೇಕು ಕಣವ್ವ ಮನ್ಸ. ನಾನ್ ನೋಡು, ಒಂದೇ ಏಟ್ಗೆ ಎತ್ಬುಡಕ್ ಓದೆ” ಎಂದರು. ಲಾರಿಗೆ ಅಕ್ಕಿ ಸಂಜೆಯೊಳಗೆ ಆಗಲಿಲ್ಲ. ಯಜಮಾನರು ಅದನ್ನೂ ನುಂಗಿಕೊಂಡರು.

ಈಗ ಆ ಹ್ಯಾಂಡಲಿಗೆ ಎರಡು ಬೀಗ ಬೀಳುತ್ತವೆ. ನನ್ನದೊಂದು, ದೊಡ್ಡಣ್ಣನದೊಂದು. ಅವರ ಕೀಲಿ ಉಡಿದಾರದಲ್ಲಿರುತ್ತದೆ. ಆ ಮಿಲ್ಲಿಗೆ ಹೋಗುವ ದಿನ ಮನೆಯಿಂದ ಹೊರಡುವ ಮೊದಲು ನಾನು ಸ್ಕ್ರೂ ಡ್ರೈವರ್ ಮರೆತರೂ ಬಳೆ ಮರೆಯುವುದಿಲ್ಲ. ಕೆಲಸ ಮುಗಿದ ಮೇಲೆ ಶೆಡ್ಡಿನ ಬಾಗಿಲಲ್ಲಿ ನಿಂತು ಎರಡೂ ಕೈ ಎತ್ತಿ ಬಳೆ ಅಲ್ಲಾಡಿಸುತ್ತೇನೆ. ಅವರು ಈಗಲೂ ಎಡಗೈ ಒಮ್ಮೆ, ಬಲಗೈ ಒಮ್ಮೆ ನೋಡುತ್ತಾರೆ. ಆಮೇಲೆ ಕರೆಂಟು ಬಿಡುತ್ತಾರೆ.